ಮೂವತ್ತಾರು ಅಳತೆ ಚೀಟಿ

ಆ ಶಾಲೆಯ ಅರ್ಜಿಯ ಸಾಲು ಎಷ್ಟು ಉದ್ದವಿತ್ತೆಂದರೆ, ಬೊಚ್ಚುಬಾಯಿಯ ಕೂಸನ್ನೆತ್ತಿಕೊಂಡು ಕೊನೆಯಲ್ಲಿ ನಿಂತವರು ಕಿಟಕಿ ಮುಟ್ಟುವ ಹೊತ್ತಿಗೆ ಕೂಸಿನ ಹಾಲುಹಲ್ಲು ಬಿದ್ದು ಹೊಸದು ಬಂದಿತ್ತು. ಹಾಗೆಂದು ದರ್ಜಿ ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಸೀಟು ನಲವತ್ತು, ಅರ್ಜಿ ಸಾವಿರದ ಇನ್ನೂರು. ಅದರಲ್ಲೊಂದು ಅವನ ಮಗಳದು. ಹುಟ್ಟಿದಾಗ ಅವಳು ಅಂಗಿಯ ಗುಂಡಿಯಷ್ಟೇ ಇದ್ದಳಂತೆ, ಕೈಮರೆತು ಯಾರದೋ ಕಾಲರಿಗೆ ಹೊಲಿದುಬಿಡುತ್ತಿದ್ದನಂತೆ. ಅದಕ್ಕೇ ಅವಳು ಗುಂಡಿ. ಈಗ ನಾಲ್ಕು ವರ್ಷ.

ಆರು ತಿಂಗಳಿಂದ ಗುಂಡಿಗೆ ಆಟ ಬಂದ್. ದರ್ಜಿಯ ಹೆಂಡತಿ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಗಳು ಹಾಗಾಗಬಾರದೆಂಬ ಹಟ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಗುವನ್ನು ಕೂರಿಸಿಕೊಂಡು ಬಣ್ಣ, ಆಕಾರ, ಪ್ರಾಣಿ, ಹಣ್ಣು ಎಲ್ಲ ಬಾಯಿಪಾಠ ಮಾಡಿಸುತ್ತಿದ್ದಳು. ಮಗು ನಿದ್ದೆಯಲ್ಲೂ ತ್ರಿಕೋನ, ತ್ರಿಕೋನ ಎಂದು ಕನವರಿಸುತ್ತಿತ್ತು.

"ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರೆ, ಬಟ್ಟೆ ಉದ್ಯಮ ಅನ್ನು," ಎಂದು ಹೇಳಿಕೊಟ್ಟಳು.

"ಆ ಶಾಲೆಗೆ ಯೂನಿಫಾರಂ ಹೊಲಿಯೋನೇ ನಾನು ಕಣೇ," ಎಂದ ದರ್ಜಿ.

"ಅವ್ರಿಗೆ ನಿಮ್ಮ ಹೊಲಿಗೆ ಗೊತ್ತು, ಮುಖ ಗೊತ್ತಿಲ್ಲ. ಸುಮ್ನಿರಿ."

ಅದೂ ನಿಜವೇ. ಪ್ರತಿವರ್ಷ ಶಾಲೆಯ ಗುಮಾಸ್ತ ಅಳತೆ ಚೀಟಿಗಳ ಕಟ್ಟು ತಂದುಕೊಡುತ್ತಿದ್ದ, ಇವನು ಹೊಲಿದು ಕಳಿಸುತ್ತಿದ್ದ. ಈ ಸಲ ಕಟ್ಟು ಬೇಗ ಬಂತು. ಹೊಸ ಮಕ್ಕಳವು ಮೂವತ್ತಾರು ಚೀಟಿ. ಉಳಿದ ನಾಲ್ಕು ಆಮೇಲೆ ಎಂದಿದ್ದ ಗುಮಾಸ್ತ. ಹೆಸರಿಲ್ಲ, ಬರೀ ಸಂಖ್ಯೆ. ಸಂದರ್ಶನವೇ ಆಗಿಲ್ಲ, ಇದೆಲ್ಲ ಅಂದಾಜಿನ ಅಳತೆ ಇರಬೇಕೆಂದುಕೊಂಡು ದರ್ಜಿ ಕತ್ತರಿ ಹಾಕಿದ. ಒಂಬತ್ತನೇ ಚೀಟಿಯಲ್ಲಿ ಮಾತ್ರ, ಎಡ ಭುಜ ಅರ್ಧ ಇಂಚು ಇಳಿಕೆ, ಎಂದಿತ್ತು. ಅಂದಾಜಿಗೆ ಭುಜ ಹೇಗೆ ಇಳಿಯುತ್ತದೆಂದು ಅವನು ಯೋಚಿಸಲೇ ಇಲ್ಲ.

ಸಂದರ್ಶನದ ದಿನ ಶಾಲೆಯ ಅಂಗಳದಲ್ಲಿ ಜಾರುಬಂಡೆ ಕಂಡು ಗುಂಡಿ ನಿಂತುಬಿಟ್ಟಳು. ಅಮ್ಮ ಎಳೆದುಕೊಂಡು ಒಳಗೆ ಹೋದಳು. ಎದೆಗೆ ನಂಬರಿನ ಚೀಟಿ ಚುಚ್ಚಿಸಿಕೊಂಡು ಆ ದಿನದ ಸರದಿಯ ಅರವತ್ತು ಮಕ್ಕಳು ಕೂತಿದ್ದವು. ಗಂಡನ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದನ್ನು ಹೆಂಡತಿ ಆಗಲೇ ನೋಡಿದ್ದು; ಮಾನ ಕಳೀತೀರಾ ಎಂದು ಸಣ್ಣ ದನಿಯಲ್ಲಿ ಬೈದಳು. ಅವನಿಗೆ ಕೇಳಿಸಲಿಲ್ಲ. ಓಡುವ ಬಸ್ಸಿನಲ್ಲಿದ್ದವರ ಸೊಂಟದ ಸುತ್ತಳತೆಯನ್ನೂ ಹೇಳುವ ಕಣ್ಣು ಅದು, ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಬಿಸ್ಕತ್ತು ತಿನ್ನುತ್ತಿದ್ದ ಹುಡುಗನ ಮೇಲೆ ನಿಂತಿತ್ತು. ಎಡ ಭುಜ ಇಳಿದಿತ್ತು, ಸರಿಯಾಗಿ ಅರ್ಧ ಇಂಚು. ಆ ಹುಡುಗನ ಸಂದರ್ಶನದ ಸರದಿ ಇನ್ನೂ ಬಂದಿರಲಿಲ್ಲ.

ಸಂದರ್ಶನದ ಕೋಣೆಯೊಳಗೆ ಶಾಲೆಯ ದೊಡ್ಡ ಮೇಡಂ ಗುಂಡಿಗೆ ತ್ರಿಕೋನ ತೋರಿಸಿ ಇದೇನೆಂದು ಕೇಳಿದರು. ಆರು ತಿಂಗಳ ಪಾಠ ಹಾರಿಹೋಗಿ ಗುಂಡಿ, "ಕಾಲರ್ ಮೂಲೆ," ಎಂದಳು. ಅಮ್ಮ ಕಣ್ಣು ಮುಚ್ಚಿಕೊಂಡಳು.

"ಇರೋದೇ ನಲವತ್ತು ಸೀಟು. ಬೇಜಾರು ಮಾಡ್ಕೋಬೇಡಿ," ಎಂದರು ಮೇಡಂ.

"ನಲವತ್ತಲ್ಲ ಮೇಡಂ, ನಾಲ್ಕು. ಮೂವತ್ತಾರಕ್ಕೆ ನಾನೇ ಕಾಜ ಹಾಕಿ ಆಯ್ತು," ಎಂದ ದರ್ಜಿ.

ಮೇಡಂ ಪೆನ್ನು ಕೆಳಗಿಟ್ಟರು. ಅಲ್ಲಗಳೆಯಲಿಲ್ಲ. ಈ ಕಟ್ಟಡ ಕಟ್ಟಿಸಿದವರ ಮಕ್ಕಳು ಮೊಮ್ಮಕ್ಕಳು ಅವರೆಲ್ಲ, ಬೇಡವೆಂದರೆ ಶಾಲೆಯೇ ನಡೆಯುವುದಿಲ್ಲ, ಯಾರನ್ನು ತೆಗೆದುಕೊಂಡರೂ ಇನ್ಯಾರೋ ಅಳುತ್ತಾರೆ ಎಂದು ದಣಿದವರಂತೆ ಹೇಳಿದರು. ಆಮೇಲೆ ಗುಂಡಿಯ ಕೆನ್ನೆ ಸವರಿ, "ಚುರುಕಾಗಿದ್ದಾಳೆ. ಮೂವತ್ತೇಳನೇ ಚೀಟಿ ಇವಳದೇ ಆಗ್ಲಿ. ಈ ಮಾತು ಇಲ್ಲೇ ಇರ್ಲಿ," ಎಂದರು.

ಊರಿಗೆಲ್ಲ ಮಾತು ಹೊಲಿದುಕೊಡುವ ದರ್ಜಿ ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡ. ಹೆಂಡತಿಯ ಮುಖ ನೋಡಿದ. ಬಯಸಿದ ಸೀಟು ಅವಳ ಕೈಗೇ ಬಂದು ಕೂತಿತ್ತು. ಅವಳು ಮಾತ್ರ, ಕಲಿಸಿದ ಹಾಗೆ ಕೈಕಟ್ಟಿ ನಿಂತಿದ್ದ ಮಗಳನ್ನೇ ನೋಡುತ್ತಿದ್ದಳು.

"ಮೇಡಂ, ನನ್ ಮಗಳು ಆರು ತಿಂಗಳು ಆಡಿಲ್ಲ," ಎಂದಳು. "ಹೊರಗೆ ಕೂತಿರೋವೂ ಆಡಿರಲ್ಲ. ಯಾಕೆ ಅಂತ ಅವ್ರಿಗೂ ಗೊತ್ತಾಗ್ಲಿ." ಗಂಡನ ಕಡೆ ತಿರುಗಿದಳು. "ನಡೀರಿ, ಟೇಪು ತಂದಿದ್ದೂ ಒಳ್ಳೇದೇ ಆಯ್ತು."

"ಯೂನಿಫಾರಂ ಕೆಲಸ ಬೇರೆಯವ್ರಿಗೆ ಹೋಗತ್ತೆ," ಎಂದರು ಮೇಡಂ.

"ಹೋಗ್ಲಿ ಬಿಡಿ," ಎಂದ ದರ್ಜಿ. "ಮುಂದೆ ಹೊಲಿಯೋರಿಗೆ, ಒಂಬತ್ತನೇ ಚೀಟಿಯದಕ್ಕೆ ಎಡ ಭುಜದಲ್ಲಿ ಪಟ್ಟಿ ಇಡೋಕೆ ಮಾತ್ರ ಹೇಳಿ. ಪಾಪ, ಮಗು."

ಮಕ್ಕಳು ಕೂತಿದ್ದಲ್ಲಿಗೆ ಬಂದು ಟೇಪನ್ನು ಎತ್ತಿ ಹಿಡಿದ.

"ಮಕ್ಕಳೇ, ನಾನು ಯೂನಿಫಾರಂ ಹೊಲಿಯೋ ಟೈಲರ್ ಮಾಮ. ಯಾರ್ಯಾರ ಅಳತೆ ಆಗ್ಲೇ ತಗೊಂಡಾಗಿದೆ, ಕೈ ಎತ್ತಿ ನೋಡೋಣ."

ಮಕ್ಕಳಿಗೆ ಎಲ್ಲವನ್ನೂ ಕಲಿಸಿದ್ದರು, ಮುಚ್ಚಿಡುವುದನ್ನು ಕಲಿಸಲು ಮರೆತಿದ್ದರು. ಮೊದಲು ಎದ್ದದ್ದು ಬಿಸ್ಕತ್ತು ಹಿಡಿದ ಕೈ. ಅಜ್ಜಿ ಅದನ್ನು ಎಳೆದು ಇಳಿಸುವಷ್ಟರಲ್ಲಿ ಪಕ್ಕದ್ದು, ಅದರಾಚೆಯದು, ಹನ್ನೊಂದು ಕೈ ಮೇಲಿದ್ದವು. ಹಿಂದಿನ ಸಾಲಿನ ಅಪ್ಪ ಅಮ್ಮಂದಿರು ಒಂದೊಂದಾಗಿ ಎಣಿಸಿದರು. ಸರದಿಗೆ ಹೆಸರು ಕರೆದರೆ ಯಾರೂ ಏಳಲಿಲ್ಲ. ಒಬ್ಬಾತ ಮಗನ ಎದೆಯ ನಂಬರನ್ನು ಪಿನ್ನು ಸಮೇತ ಕಿತ್ತು ಗುಮಾಸ್ತನ ಮೇಜಿನ ಮೇಲಿಟ್ಟು, ದೊಡ್ಡ ಮೇಡಮ್ಮನ್ನು ಹೊರಗೆ ಕರೆಯಿರಿ ಎಂದ. ಅವನ ಹಿಂದೆ ಇನ್ನೊಬ್ಬಳು ಎದ್ದಳು.

ಎಲ್ಲರೂ ಎತ್ತಿದ್ದಾರೆಂದು ಗುಂಡಿಯೂ ಕೈ ಎತ್ತಿ ನಿಂತಿದ್ದಳು. ಅಮ್ಮ ಬಗ್ಗಿ ಅವಳ ಎದೆಯ ಚೀಟಿ ಬಿಚ್ಚಿದಳು.

"ಕೈ ಇಳಿಸೇ. ಹೋಗು, ಆಡ್ಕೋ."

ನಿಜವೋ ಸುಳ್ಳೋ ಎಂದು ಗುಂಡಿ ಒಂದು ಕ್ಷಣ ಅಮ್ಮನ ಮುಖ ನೋಡಿದಳು. ಆಮೇಲೆ ಜಾರುಬಂಡೆಯ ಕಡೆ ಓಟ ಕಿತ್ತಳು. ಅವಳ ಹಿಂದೆಯೇ, ಅಜ್ಜಿಯ ಕೈ ಬಿಡಿಸಿಕೊಂಡು, ಎಡ ಭುಜ ಇಳಿದ ಹುಡುಗನೂ ಓಡಿದ.