ಹಸಿರು ಅರಗು

ಚನ್ನಪಟ್ಟಣದ ಗೊಂಬೆಗಾರ ಖಲಂದರನ ಹಳೇ ಮಾರಿಸ್ ಕಾರು ಎರಡು ವರ್ಷದಿಂದ ತಗಡಿನ ಶೆಡ್ಡಿನಲ್ಲಿ ಬಿದ್ದಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಇರಲಿಲ್ಲ. ‘ಬಿಚ್ಚೋವಾಗ ಪುಡಿಪುಡಿ ಆಗೋಯ್ತು ಕಣ್ಲಾ, ಎಸೆದ್ಬುಟ್ಟೆ’ ಎಂದಿದ್ದ ರಾಮನಗರದ ಮೆಕ್ಯಾನಿಕ್ ಬೋರಲಿಂಗ, ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಅಂದಿನಿಂದ ಇಬ್ಬರೂ ಒಂದೇ ಬೈಕಿನಲ್ಲಿ ಸುತ್ತಿ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದರು. ಗುಜರಿಯವರು ‘ಸ್ಯಾಂಪಲ್ ತನ್ನಿ’ ಎಂದಾಗಲೆಲ್ಲ ಬೋರಲಿಂಗನೇ ಹಣೆ ಚಚ್ಚಿಕೊಳ್ಳುತ್ತಿದ್ದ. ಅವನನ್ನು ಸಮಾಧಾನ ಮಾಡಿ ಬಿರಿಯಾನಿ ತಿನ್ನಿಸುತ್ತಿದ್ದವನು ಖಲಂದರ್!

ಇವತ್ತು ಮಾಗಡಿಯವರೊಬ್ಬರು ಬಂದು ಕರವಸ್ತ್ರದ ಗಂಟು ಬಿಚ್ಚಿದರು. ‘ನಮ್ಮ ಮಾರಿಸ್ ಕಾರಿನ ಕ್ಯಾಪು. ಹಳೇ ಬಿರುಕಿಗೆ ಯಾರೋ ಅರಗು ತುಂಬವ್ರೆ, ಈಗ ಪಕ್ಕದಲ್ಲೇ ಇನ್ನೊಂದು ಬಿರುಕು ಬುಟ್ಟೈತೆ. ಅರಗು ಅಂದ್ರೆ ಚನ್ನಪಟ್ಟಣ ಅಲ್ವಾ ಸಾಬ್ರೇ, ಅದ್ಕೇ ಬಂದೆ.’

ಹಸಿರು ಅರಗು. ಗಿಳಿಗೊಂಬೆಗೆ ಹಚ್ಚಿ ಮಿಕ್ಕಿದ್ದನ್ನು ಆ ಬಿರುಕಿಗೆ ತುಂಬಿದ್ದವನು ಖಲಂದರನೇ. ಅವನ ಹೆಬ್ಬೆರಳಿನ ಗುರುತು ಇನ್ನೂ ಅದರ ಮೇಲಿತ್ತು.

‘ಎಲ್ಲಿ ಸಿಕ್ತು ಇದು?’

‘ರಾಮನಗರದ ಬೋರಲಿಂಗಣ್ಣ ಕೊಟ್ರು, ಎರಡು ವರ್ಷ ಆಯ್ತು. ದೇವ್ರಂಥ ಮನುಷ್ಯ!’

ಖಲಂದರ್ ಕ್ಯಾಪನ್ನು ಕರವಸ್ತ್ರದಲ್ಲೇ ಮತ್ತೆ ಸುತ್ತಿ ತನ್ನ ಪಕ್ಕಕ್ಕಿಟ್ಟುಕೊಂಡ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

‘ಲೇ, ನಾಳೆ ಕನಕಪುರಕ್ಕೆ ಹೋಗಾನ. ಅಲ್ಲೊಂದು ಗುಜರಿ ಐತಂತೆ, ಸಿಕ್ಕೇ ಸಿಗ್ತದೆ’ ಎಂದ ಬೋರಲಿಂಗ.

‘ಬತ್ತೀನಿ ಕಣ್ಲಾ’ ಎಂದ ಖಲಂದರ್. ‘ಈ ಸಲ ಸ್ಯಾಂಪಲ್ಲೂ ತತ್ತೀನಿ. ಹಸಿರು ಅರಗು ಮೆತ್ತಿರೋದು.’