ಹುಂಜದ ಡಬ್ಬಿ

ಹುಂಜದ ಚಿತ್ರ ಅಂಟಿಸಿದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ಹುಣಸೆ ಬೀಜಗಳ ನಡುವಿನಿಂದ ಒಂದು ನೀಲಿ ಮಣಿ ಉರುಳಿ ಬಂತು. ಅದು ಮೇಜಿನ ಅಂಚು ಮುಟ್ಟುವ ಮೊದಲೇ ಕೃಷ್ಣಾನಂದ ಮಾಸ್ತರ ಅದರ ಮೇಲೆ ಅಂಗೈ ಇಟ್ಟ. ಮಕ್ಕಳೆಲ್ಲ ಸೆಗಣಿ ಸಾರಿಸಿದ ನೆಲದ ಮೇಲೆ ಕುಳಿತಿದ್ದರಿಂದ ಮೇಜಿನ ಮೇಲಿನದು ಅವರಿಗೆ ಕಾಣುವಂತಿರಲಿಲ್ಲ. ಮಾಸ್ತರ ತಲೆಯೆತ್ತಿ ಹುಡುಗಿಯರ ಸಾಲನ್ನು ನೋಡಿದ. ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದ ಹುಡುಗಿಯರು. ಎಲ್ಲರ ಕೊರಳಲ್ಲೂ ಮಣಿಸರಗಳಿದ್ದವು, ಕರಿಯವು, ಕೆಂಪಿನವು, ಹಳದಿಯವು. ನೀಲಿ ಸರ ಇದ್ದದ್ದು ನಾಗುವಿಗೆ ಮಾತ್ರ. ಅವಳು ಎರಡೂ ಕೈ ಕೊರಳ ಹಿಂದೆ ಮಾಡಿ, ಕಡಿದುಹೋದ ದಾರದ ತುದಿಗಳಿಗೆ ಗಂಟು ಹಾಕಲು ಹೆಣಗುತ್ತ, ತನಗೇನೂ ಸಂಬಂಧವಿಲ್ಲದವಳ ಹಾಗೆ ಮಾಡಿನ ಹಂಚು ನೋಡುತ್ತಿದ್ದಳು.

ಆದದ್ದೇನೆಂದು ಊಹಿಸುವುದು ಕಷ್ಟವಿರಲಿಲ್ಲ. ಮತ ಹಾಕಲು ಒಬ್ಬೊಬ್ಬರು ಒಂದೊಂದು ಹುಣಸೆ ಬೀಜ ತನ್ನಿ ಎಂದು ಮಾಸ್ತರ ಹಿಂದಿನ ದಿನ ಹೇಳಿದ್ದ. ಹುರಿದದ್ದು ಬೇಡ ಎಂದು ಹೇಳಲು ಮರೆತಿದ್ದ. ಹುರಿದ ಹುಣಸೆ ಬೀಜ ನಾಗುವಿನ ಕೈಯಲ್ಲಿ ಅವಳ ಸರದಿ ಬರುವವರೆಗೆ ಉಳಿಯುವುದೆಂದರೆ ಆಗಹೋಗದ ಮಾತು. ಡಬ್ಬಿಗಳಿದ್ದ ಬಾಗಿಲ ಹಿಂದೆ ಹೋಗಿ ನಿಂತ ಮೇಲೆ, ಹಾಕಬೇಕಾದದ್ದು ಹಲ್ಲಿನ ಸಂದಿಯಲ್ಲಿದೆ ಎಂಬುದು ಗೊತ್ತಾಗಿ, ಕೊರಳಿಗೆ ಕೈ ಹಾಕಿದ್ದಾಳೆ. ಮಾಸ್ತರನಿಗೆ ನಗು ಬಂತು. ಅದನ್ನೂ ಒಂದು ಮತವೆಂದೇ ಎಣಿಸಿ, ಯಾರಿಗೂ ಕಾಣದಂತೆ ಕೋಟಿನ ಕಿಸೆಗೆ ಇಳಿಸಿದ.

ಆದರೂ ಹುಂಜ ಸೋತಿತು. ಕೊಡದ ಚಿತ್ರವಿದ್ದ ಇನ್ನೊಂದು ಡಬ್ಬಿಯಲ್ಲಿ ಒಂದೇ ಒಂದು ಬೀಜ ಹೆಚ್ಚಿಗೆ ಇತ್ತು. ಊರ ಗೌಡ ಶನಿಯಾರನ ಮೊಮ್ಮಗ, ನಾಗುವಿನ ಒಡಹುಟ್ಟಿದ ತಮ್ಮ ಶುಕ್ರ ಸೋತು, ಆಚೆಮನೆ ದುರ್ಗನ ಮಗಳು ಗಂಗೆ ಶಾಲೆಯ ಮುಖ್ಯಮಂತ್ರಿಯಾದಳು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು ಅದು. ಪೌರನೀತಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಮಕ್ಕಳದೇ ಮಂತ್ರಿಮಂಡಲ ಕಟ್ಟಿ ಕಲಿಸಬೇಕು ಎಂದು ಕುಮಟೆಯಲ್ಲಿ ನಡೆದ ಮಾಸ್ತರರ ಸಭೆಯಲ್ಲಿ ಇನ್ಸ್‌ಪೆಕ್ಟರ ಸಾಹೇಬರು ಅಪ್ಪಣೆ ಕೊಡಿಸಿದ್ದರು. ಉಳಿದ ಮಾಸ್ತರರು ಬುದ್ಧಿವಂತ ಹುಡುಗರ ನಾಲ್ಕು ಹೆಸರು ಹಲಗೆಯ ಮೇಲೆ ಬರೆದು ಕೈತೊಳೆದುಕೊಂಡರು. ಕೃಷ್ಣಾನಂದ ಮಾಸ್ತರನಿಗೆ ಅರೆಬರೆ ಮಾಡಿ ಗೊತ್ತಿಲ್ಲ. ಹೋದ ವರ್ಷದ ದೊಡ್ಡ ಚುನಾವಣೆಯಲ್ಲಿ ಕೆಲಸ ಮಾಡಿದವನು. ಅಲ್ಲಿ ಉಮೇದುವಾರನಿಗೊಂದು ಡಬ್ಬಿ ಇದ್ದಂತೆ ಇಲ್ಲಿಯೂ ಎರಡು ಬಿಸ್ಕೀಟಿನ ಡಬ್ಬಿ ತಂದು, ಚಿತ್ರ ಅಂಟಿಸಿ, ಶಾಲೆಯ ಬಾಗಿಲ ಹಿಂದಿನ ಮೂಲೆಯಲ್ಲಿ ಮುಕ್ಕಾಲಿಯ ಮೇಲಿಟ್ಟ. ಬೀಜ ಹಾಕಿಸುವ ಮೊದಲು ಪಾಠವನ್ನೂ ಸಾಂಗವಾಗಿ ಮಾಡಿದ್ದ. ಯಾರಿಗೆ ಹಾಕಿದೆವು ಅಂತ ಯಾರಿಗೂ ಹೇಳಬಾರದು. ಮನೆಯಲ್ಲಿ ಕೇಳಿದರೂ ಹೇಳಬಾರದು, ನಾನೇ ಕೇಳಿದರೂ ಹೇಳಬಾರದು. ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಹೇಳಿದ್ದರು: "ಮಾಸ್ತರು ಕೇಳಿದರೂ ಹೇಳಬಾರದು."

ಆ ವಾರವೇ ನಾಗು ಶಾಲೆಗೆ ಬರುವುದು ನಿಂತಿತು.

ಶುಕ್ರನನ್ನು ಕರೆದು ಕೇಳಿದರೆ ಅವನು ಹೆಬ್ಬೆರಳಿನಿಂದ ನೆಲ ಕೆರೆದ. "ಅಜ್ಜ ಕಳ್ಸೂದಿಲ್ಲ ಅಂದ. ಯಾರಿಗೆ ಹಾಕದೆ ಅಂತ ಕೇಳದ್ರೆ ಅಕ್ಕ ಹೇಳೂದಿಲ್ಲ ಅಂತದೆ."

"ನೀನು ಹೇಳಿದೆಯೊ?"

"ನಾ ನಂಗೇ ಹಾಕ್ಕಂಡೆ" ಎಂದ ಶುಕ್ರ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ.

ಮಾಸ್ತರನಿಗೆ ಅನ್ನ ಸೇರಲಿಲ್ಲ. ನಾಗು ನಾಲ್ಕನೆಯ ಇಯತ್ತೆಯಲ್ಲಿದ್ದಳು. ಮಾರ್ಚಿನಲ್ಲಿ ಪರೀಕ್ಷೆ. ಕೊಪ್ಪದ ಹುಡುಗಿಯೊಬ್ಬಳು ಅದನ್ನು ಪಾಸು ಮಾಡಿದ್ದು ಇದುವರೆಗೆ ಇರಲಿಲ್ಲ, ಮತ್ತು ಇವಳು ಮಾಡುತ್ತಾಳೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಕುಮಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಮಾತು ಹಾಕಿಯೂ ಇಟ್ಟಿದ್ದ. ಗದ್ದೆ ಕೊಯ್ಲು ಮುಗಿದು ಈಗ ತರಕಾರಿಯ ದಿನ. ಪಾತಿಗೆ ನೀರು ಹೊರಲು ಶುರುಮಾಡಿದ ಹುಡುಗಿಯರು ತಿರುಗಿ ಪಾಟಿ ಹಿಡಿದದ್ದನ್ನು ಅವನು ಕಂಡಿರಲಿಲ್ಲ. ನೀರು ಹೊರುತ್ತ ಹೊರುತ್ತ ಮದುವೆಯಾಗಿ ಹೋಗುತ್ತಿದ್ದರು.

ರವಿವಾರ ಬೆಳಿಗ್ಗೆ ಅವನು ಗೌಡನ ಮನೆಗೆ ಹೋದ. ಶನಿಯಾರ ಗೌಡ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕುಮಟೆಯ ಸಂತೆಗೆಂದು ಹರಿವೆ ಸೊಪ್ಪಿನ ಸೂಡಿ ಕಟ್ಟುತ್ತಿದ್ದ. ಮಗ ಮಾಸ್ತಿ ಪಕ್ಕದಲ್ಲಿ ಬಾಳೆನಾರು ಸೀಳಿಕೊಡುತ್ತಿದ್ದ. ಮಾಸ್ತಿ ನಾಗುವಿನ ತಂದೆ. ಆದರೆ ತನ್ನ ತಂದೆ ಇರುವಲ್ಲಿ ಬಾಯಿ ಬಿಡುವ ಆಸಾಮಿಯಲ್ಲ.

"ಬನ್ನಿ ಮಾಸ್ತರೆ. ಕೂತ್ಕಳಿ" ಎಂದು ಗೌಡ ಮಣೆ ಸರಿಸಿದ. "ಒಂದು ಎಳ್ನೀರು ಕೊಯ್ಸಲಾ?"

"ಎಳನೀರು ಇರಲಿ ಗೌಡ್ರೆ. ನಾಗುನ ಶಾಲೆ ಬಿಡಿಸಿದ್ದು ಯಾಕೆ?"

"ಬಿಡ್ಸಲಿಲ್ಲ. ಅದು ಬಾಯಿ ಬಿಟ್ಟ ದಿನ ಬತ್ತದೆ."

"ಶುಕ್ರ ಸೋತ ಅಂತ ಸಿಟ್ಟೋ?"

ಗೌಡ ಸೂಡಿಯನ್ನು ಕೆಳಗಿಟ್ಟ. "ಅಂವ ಸೋತ್ರೆ ನಂಗೆಂತ? ಅಂವನಿಗೆ ಅಂಗಳದ ಕೋಳಿ ಓಡ್ಸೂಕೆ ಬರೂದಿಲ್ಲ, ಮಂತ್ರಿ ಆಗಿ ಎಂತ ಮಾಡ್ತಾ? ದುರ್ಗನ ಮಗಳು ಹುಶಾರದೆ, ಆಗ್ಲಿ. ನಾ ಕೇಳೂದು ಅದಲ್ಲ ಮಾಸ್ತರೆ. ನಮ್ಮ ಕೊಪ್ಪದಲ್ಲೆ ನಾಕು ಜನ ಕೂತಾಗ, ನಾ ಹೇಳದ್ದು ಬ್ಯಾಡ ಅನ್ನೂದಿದ್ರೆ ಎದ್ದು ನಿಂತು ಬ್ಯಾಡ ಅಂತ್ರು. ನನ್ನ ಮೊಕದೆದ್ರೇ ಅಂತ್ರು. ನಾ ಕೇಳ್ತೆ. ಬಾಗ್ಲ ಹಿಂದೆ ಹೋಗಿ ಹೇಳೂ ಮಾತು ಎಂತ ಮಾತು? ಒಂದೇ ಮಡಕಿ ಅನ್ನ ಉಂಬೂ ಹುಡ್ಗಿ, ಅಜ್ಜ ಕೇಳದ್ರೆ ಹೇಳೂದಿಲ್ಲ ಅಂತದೆ. ಇದ್ನ ಕಲ್ಸೂಕೆ ಒಂದು ಶಾಲಿ ಬೇಕಾ?"

"ಇದು ಮನೆಯ ಮಾತಲ್ಲ ಗೌಡ್ರೆ. ಯಾರ ಹೆದರಿಕೆಯೂ ಇಲ್ಲದೆ ಮತ ಹಾಕಬೇಕು, ಅದಕ್ಕೇ ಗುಟ್ಟು ಇಡುವುದು."

"ಯಾರ ಹೆದ್ರಿಕೆ?" ಎಂದು ಗೌಡ ಕೇಳಿದ.

ಉತ್ತರ ಎದುರಿಗೇ ಕುಕ್ಕರಗಾಲಲ್ಲಿ ಕುಳಿತಿತ್ತು. ಆದರೆ ಅದನ್ನು ಹೇಳಿ ಎದ್ದುಬರುವಷ್ಟು ಎದೆಗಾರಿಕೆ ಮಾಸ್ತರನಿಗೆ ಇರಲಿಲ್ಲ.

ಅಷ್ಟರಲ್ಲಿ ಬಾವಿಯ ಕಡೆಯಿಂದ ನಾಗು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದಳು. ಮಾಸ್ತರನನ್ನು ಕಂಡು ನಿಂತಳು. ಕೊರಳಿನ ನೀಲಿ ಸರ ಗಂಟು ಬಿದ್ದು ಮೊದಲಿಗಿಂತ ಗಿಡ್ಡವಾಗಿತ್ತು. ಹೊಸ್ತಿಲಲ್ಲಿ ನಿಂತ ಅವಳ ತಾಯಿ ಬಂಗಾರಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಈಗಾದ್ರೂ ಹೇಳೆ ಮಗಾ. ತಮ್ಮಗೆ ಹಾಕ್ದೇ ಇದ್ರೂ ಅಡ್ಡಿಲ್ಲ. ಹೇಳದ್ರೆ ಮುಗೀತು" ಎಂದಳು. ಆ ಮಾತನ್ನು ಅವಳು ಎಷ್ಟು ಸಲ ಹೇಳಿ ದಣಿದಿದ್ದಳೆಂಬುದು ದನಿಯಲ್ಲೇ ಇತ್ತು.

"ಹೇಳೂಕಾಗ" ಎಂದಳು ನಾಗು.

ಹೇಳಿ ಮಾಸ್ತರನ ಮುಖ ನೋಡಿದಳು. ಹದಿನಾರರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿ, ಇನ್ನು ಮಾಸ್ತರರು ಕೂತುಕೋ ಅನ್ನುತ್ತಾರೆ ಎಂದು ಕಾಯುವಾಗಲೂ ಅವಳು ಹೀಗೇ ನೋಡುವುದು. ಮಾಸ್ತರನಿಗೆ ಹೆಮ್ಮೆಯಾಯಿತು. ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮಣಿ ಬಿದ್ದದ್ದು ಹುಂಜದ ಡಬ್ಬಿಗೆ. ಹುಡುಗಿ ತಮ್ಮನಿಗೇ ಹಾಕಿದ್ದಳು. ಒಂದು ಮಾತು ಆಡಿದ್ದರೆ ಅಜ್ಜ ಬೆನ್ನು ತಟ್ಟುತ್ತಿದ್ದ. ಆಡಬಾರದೆಂದು ಮಾಸ್ತರ ಹೇಳಿದ್ದಕ್ಕಾಗಿ ಇಷ್ಟು ದಿನ ನೀರು ಹೊತ್ತಿದ್ದಾಳೆ.

ಕೋಟಿನ ಕಿಸೆಯಲ್ಲಿ ಮಾಸ್ತರನ ಬೆರಳುಗಳು ಮಣಿಯನ್ನು ಹುಡುಕಿಕೊಂಡವು. ಗುಟ್ಟು ಇರುವುದು ಮತ ಹಾಕಿದವರ ರಕ್ಷಣೆಗೆ. ಆ ಗುಟ್ಟೇ ಹುಡುಗಿಯ ಓದಿಗೆ ಕುತ್ತಾದರೆ ಅದನ್ನು ಕಟ್ಟಿಕೊಂಡು ಮಾಡುವುದೇನು ಎಂದು ಅವನ ಮನಸ್ಸು ಹೇಳಿತು. ನ್ಯಾಯವಾದ ಮಾತು. ಬೇಕಾದಾಗ ಅದು ಎಷ್ಟು ಚುರುಕಾಗಿ ಒದಗಿಬಂತು ಎಂಬುದು ಮಾತ್ರ ಅವನಿಗೆ ಆಮೇಲೆ ಹೊಳೆಯಿತು.

ಮಣಿಯನ್ನು ತೆಗೆದು ಸೊಪ್ಪಿನ ಸೂಡಿಯ ಮೇಲಿಟ್ಟ. "ಇದು ಹುಂಜದ ಡಬ್ಬಿಯಲ್ಲಿತ್ತು ಗೌಡ್ರೆ."

ಮೊದಲು ಗುರುತು ಹಿಡಿದವಳು ಬಂಗಾರಿ. ಅಂಗಳಕ್ಕಿಳಿದು ಬಂದು ಬಗ್ಗಿ ನೋಡಿದಳು. "ಗೋಕರ್ಣದಿಂದ ತಂದ ಸರದ್ದು ಇದು. ನಾನೇ ಪೋಣಿಸಿದ್ದು." ಗೌಡ ಮಣಿಯನ್ನು ನೋಡಿದ, ಮೊಮ್ಮಗಳ ಕೊರಳು ನೋಡಿದ. ಅವನ ಗಡ್ಡ ಅಲುಗತೊಡಗಿತು. ನಗು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ತಮ್ಮಗೇ ಹಾಕದ್ಯೆ? ಹುಚ್ಚೀ, ಅದ್ನ ಹೇಳೂಕೆ ಎಂತ ಧಾಡಿ ಆಗಿತ್ತೆ ನಿಂಗೆ?" ಎಂದು ನಕ್ಕ. ಮಾಸ್ತಿ ನಕ್ಕ. ಬಂಗಾರಿ ನಗುತ್ತಲೇ ಕಣ್ಣೊರೆಸಿಕೊಂಡಳು. "ಆತು ಮಾಸ್ತರೆ. ನಾಳಿಂದ ಬತ್ತದೆ. ಏ ಮಾಸ್ತಿ, ಎಳ್ನೀರು ಕೊಯ್ಯಾ" ಎಂದ ಗೌಡ.

ನಾಗು ನಗಲಿಲ್ಲ. ಕೊಡ ವಾಲಿ ನೀರು ಅವಳ ಕಾಲಿನ ಮೇಲೆ ಸುರಿಯುತ್ತಿತ್ತು. "ನೀವು ಕೇಳದ್ರೂ ಹೇಳೂಕಾಗ ಅಂದಿದ್ರಿ" ಎಂದಳು, ಮಾಸ್ತರನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ನೀನು ಹೇಳಲಿಲ್ಲವಲ್ಲ" ಎಂದ ಮಾಸ್ತರ. ಅದು ನಿಜವಾಗಿತ್ತು. ಆದರೆ ಅದರಿಂದ ಅವನಿಗೂ ಸಮಾಧಾನವಾಗಲಿಲ್ಲ, ಅವಳಿಗೂ ಆಗಲಿಲ್ಲ.

"ಮಣಿ ತಕಾ, ಪೋಣಿಸಿ ಕೊಡ್ತೆ" ಎಂದು ತಾಯಿ ಕರೆದಳು. ನಾಗು ತಿರುಗಿಯೂ ನೋಡದೆ ಪಾತಿಗಳ ಕಡೆ ನಡೆದಳು. ಎಳನೀರು ಕುಡಿದಾದ ಮೇಲೂ ಮಣಿ ಸೊಪ್ಪಿನ ಮೇಲೆಯೇ ಇತ್ತು. ಶಾಲೆಯಲ್ಲಿ ಅವಳ ಕೈಗೇ ಕೊಟ್ಟರಾಯಿತು ಎಂದುಕೊಂಡು ಮಾಸ್ತರ ಅದನ್ನು ಮತ್ತೆ ಕಿಸೆಗೆ ಹಾಕಿಕೊಂಡ.

ಸೋಮವಾರ ನಾಗು ಬಂದಳು. ಬಂದ ಸಂತೋಷವನ್ನು ಮಾಸ್ತರ ಪೂರ್ತಿ ಒಂದು ದಿನವೂ ಅನುಭವಿಸಲಿಲ್ಲ. ಸಂಜೆ ಗದ್ದೆಯ ಬದುವಿನ ಮೇಲೆ ಹೋಗುವಾಗ ಶಾಲೆಯ ಹುಡುಗನೊಬ್ಬನ ಅಪ್ಪ ಅಡ್ಡ ಬಂದು, "ನಮ್ಮ ದಾಸ ಯಾವ ಡಬ್ಬಿಗೆ ಹಾಕಿದ್ದಾ ಮಾಸ್ತರೆ?" ಎಂದು ಕೇಳಿದ.

"ನನಗೆ ಹೇಗೆ ಗೊತ್ತಿರುತ್ತದೆ?"

"ಗೌಡಗೆ ಹೇಳದ್ರಿ. ನಮಗೆ ಹೇಳೂಕಾಗ ಅಂದ್ರೆ ಹೆಂಗೆ?"

ಗೊತ್ತಿಲ್ಲ ಎಂದು ಆಣೆ ಇಟ್ಟರೂ ನಂಬುವವರಿರಲಿಲ್ಲ. ಮಾಸ್ತರರು ಬೀಜಕ್ಕೆಲ್ಲ ಗುರುತು ಹಾಕಿ ಇಟ್ಟುಕೊಂಡಿದ್ದಾರೆ ಎಂದು ಕೊಪ್ಪದಲ್ಲಿ ಮಾತಾಯಿತು. ಅದು ಮಕ್ಕಳ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಶುಕ್ರ ಮೂಲೆಯಲ್ಲಿ ಕುಳಿತು, ಹಳೆಯ ಬೀಜವೊಂದನ್ನು ಉಗುರಿನಿಂದ ಕೆರೆಕೆರೆದು ಗುರುತು ಹುಡುಕುತ್ತಿದ್ದುದನ್ನು ಮಾಸ್ತರ ಕಂಡು, ಕಾಣದವನ ಹಾಗೆ ಹೊರಗೆ ಹೋದ.

ನಾಗು ಲೆಕ್ಕ ಮಾಡಿದಳು, ಶುದ್ಧಲೇಖನ ಬರೆದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಪರೀಕ್ಷೆಗೆ ಅವಳ ಹೆಸರೂ ಹೋಯಿತು. ಪೌರನೀತಿಯ ತಾಸಿನಲ್ಲಿ ಮತದಾನ ಹೇಗಿರಬೇಕು ಎಂದು ಕೇಳಿದಾಗ ಮಾತ್ರ ಎದ್ದು ನಿಂತು, "ಮರ್ತೋಯ್ತು" ಎಂದಳು. ಮಾಸ್ತರ ಅವಳನ್ನು ಗದರಿಸಲಿಲ್ಲ, ಬೇರೆಯವರನ್ನೂ ಕೇಳಲಿಲ್ಲ. ಮಣಿಯನ್ನು ಒಮ್ಮೆ ಅವಳ ಮುಂದೆ ಹಿಡಿದ. "ಸರ ಆಗ್ಲೇ ಪೋಣಿಸಿ ಆತು" ಎಂದು ಪಾಟಿಯ ಮೇಲೆ ಬಗ್ಗಿದಳು.

ಸಂಕ್ರಾಂತಿ ಕಳೆದ ಮೇಲೆ ಹೊಸ ಮಂತ್ರಿಮಂಡಲ ಆಗಬೇಕಿತ್ತು. ಇನ್ಸ್‌ಪೆಕ್ಟರ ಸಾಹೇಬರು ಅದನ್ನು ನೋಡಲೆಂದೇ ಬಂದರು. ತಾಲೂಕಿನಲ್ಲಿ ಗುಪ್ತ ಮತದಾನ ಮಾಡಿಸಿದವ ಇವನೊಬ್ಬನೇ ಎಂದು ಅವರಿಗೆ ಸುದ್ದಿ ಹೋಗಿತ್ತು. ಶಾಲೆಗಿದ್ದ ಒಂದೇ ಕುರ್ಚಿಯಲ್ಲಿ ಕುಳಿತು, ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಈ ಸಲವೂ ಅದೇ ಹುಂಜ, ಅದೇ ಕೊಡ. ಶುಕ್ರ ಮತ್ತು ಗಂಗೆ. ಡಬ್ಬಿಗಳು ಬಾಗಿಲ ಹಿಂದೆ ಮುಕ್ಕಾಲಿಯ ಮೇಲಿದ್ದವು. ಹುರಿದ ಬೀಜ ತರಬಾರದೆಂದು ಮಾಸ್ತರ ಎರಡೆರಡು ಸಲ ಹೇಳಿದ್ದ.

ಮೊದಲ ಸರದಿ ನಾಗುವಿನದು. ಅವಳು ಬಾಗಿಲ ಹಿಂದೆ ಹೋದಳು. ಹೋದವಳು ಎರಡೂ ಡಬ್ಬಿಗಳನ್ನು ಎದೆಗವಚಿಕೊಂಡು ಹೊರಗೆ ಬಂದಳು. ಕಿಟಕಿಯ ಬಿಸಿಲು ಬೀಳುತ್ತಿದ್ದ ಜಾಗ ನೋಡಿ, ಎಲ್ಲರ ಎದುರಿಗೆ ನೆಲದ ಮೇಲೆ ಇಟ್ಟಳು. ಚಿತ್ರಗಳು ಮಕ್ಕಳ ಕಡೆ ಇರುವಂತೆ ತಿರುಗಿಸಿದಳು. ಬೀಜವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತಮ್ಮನ ಮುಖವನ್ನು ನೋಡಿ, ಕೊಡದ ಡಬ್ಬಿಗೆ ಹಾಕಿದಳು. ತಗಡಿನ ಮೇಲೆ ಬೀಜ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ಇದೇನು ಹುಡುಗಿ, ಬಾಗಿಲ ಹಿಂದೆ ಹಾಕಬೇಕಲ್ಲವೆ?" ಎಂದರು ಸಾಹೇಬರು.

"ಇಲ್ಲಿ ಬೆಳಕದೆ ಸಾಯ್ಬರೆ" ಎಂದು ನಾಗು ತನ್ನ ಜಾಗದಲ್ಲಿ ಹೋಗಿ ಕುಳಿತಳು.

ಅವಳ ಹಿಂದೆ ಗಂಗೆ ಬಂದಳು, ಅವಳ ಹಿಂದೆ ದಾಸ. ಒಬ್ಬೊಬ್ಬರೂ ಬಿಸಿಲಿನಲ್ಲಿ ನಿಂತು, ಬೀಜ ತೋರಿಸಿ, ಹಾಕಿ ಹೋದರು. ಶುಕ್ರ ತನ್ನದನ್ನು ಹುಂಜಕ್ಕೆ ಹಾಕಿ, ಮೂಗು ಒರೆಸಿಕೊಂಡು, ಅಕ್ಕನ ಪಕ್ಕದಲ್ಲೇ ಹೋಗಿ ಕುಳಿತ. ಸಾಹೇಬರು ಮಾಸ್ತರನ ಕಡೆ ತಿರುಗಿದರು. ಮಾಸ್ತರ ಡಬ್ಬಿಗಳನ್ನು ಮತ್ತೆ ಬಾಗಿಲ ಹಿಂದೆ ಇಡಿಸಬಹುದಿತ್ತು. ಕೋಟಿನ ಕಿಸೆಯಲ್ಲಿ ಮಣಿ ಹಿಡಿದುಕೊಂಡು ನಿಂತೇ ಇದ್ದ.

ಕೊನೆಯವನೂ ಹಾಕಿದ ಮೇಲೆ ಗೆದ್ದವರು ಯಾರೆಂದು ಶಾಲೆಗೆಲ್ಲ ಗೊತ್ತಾಗಿತ್ತು. ಆದರೂ ಎಣಿಸಬೇಕಲ್ಲ. ಮಾಸ್ತರ ಡಬ್ಬಿಗಳನ್ನು ಮೇಜಿನ ಬಳಿಗೆ ತಂದು, ಒಂದಾದ ಮೇಲೊಂದು ಬೋರಲು ಹಾಕಿದ. ಬೀಜಗಳು ಮೇಜಿನ ತುಂಬ ಹರಡಿದವು. ಎಲ್ಲವೂ ಹುಣಸೆ ಬೀಜಗಳೇ, ಹುರಿಯದವು, ಒಂದರಂತೆ ಇನ್ನೊಂದು.