ಧೂಪವಾಗಿ ಹೋದ ರಾಳ

ಮಜ್ಜಿಗೆ ಕಡೆಯುತ್ತಿದ್ದೆ. ಇನ್ನೇನು ಬೆಣ್ಣೆ ತೇಲಬೇಕು, ಅಷ್ಟರಲ್ಲಿ ಜಗಲಿಯಿಂದ ಯಜಮಾನರು ಕೂಗಿದರು: "ಏ, ಬಾ ಇಲ್ಲಿ! ರೇಡಿಯೋ ಸದ್ದೇ ಮಾಡ್ತಿಲ್ಲ!"

ಕಡೆಗೋಲು ಬಿಟ್ಟು ಓಡಿದೆ. ಹನ್ನೆರಡು ವರ್ಷದ ಮಗಳು ಸುಂದ್ರಿ ಆಗಲೇ ಪೆಟ್ಟಿಗೆಯ ಹಿಂಬದಿ ಬಿಚ್ಚಿದ್ದಳು. ಕೂದಲಿನಂಥ ತಂತಿಗಳು ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು ಹಿಡಿದು ತುಂಡಾಗಿದ್ದವು. ಅವಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷದ ಚೈತ್ರದಲ್ಲಿ ಮುಂಬಯಿಯಿಂದ ಈ ರೇಡಿಯೋದ ಬಿಡಿಸಾಮಾನು ಬಂದಿತ್ತು. ಜೊತೆಗೆ ಜೋಡಿಸುವ ಬಗೆ ತೋರಿಸುವ ಚಿತ್ರದ ಹಾಳೆ, ಪೊಟ್ಟಣದಲ್ಲಿ ಹಳದಿ ರಾಳ. ಯಜಮಾನರು ಮೂಸಿ, "ನೋಡು, ಪೂಜೆಗೆ ಧೂಪಾನೂ ಇಟ್ಟಿದಾರೆ" ಎಂದರು.

"ಅಪ್ಪಯ್ಯ, ಚಿತ್ರದಲ್ಲಿ ಅದು ಕಾಯಿಸೋ ಸಲಾಕೆ ಪಕ್ಕ ಇದೆ. ಬೆಸುಗೆಗೇ ಇರ್ಬೇಕು."

"ಧೂಪ ಯಾವ್ದು ಅಂತ ನೀ ನಂಗೆ ಹೇಳ್ಕೊಡ್ತೀಯಾ, ಪಂಡಿತೆ?"

ಪೆಟ್ಟಿಗೆಗೆ ಕುಂಕುಮವಿಟ್ಟು ರಾಳವನ್ನೆಲ್ಲ ಕೆಂಡಕ್ಕೆ ಸುರಿದರು.

ಮರುದಿನ ರಾಳವಿಲ್ಲದೆ ಕರಗಿದ ಸೀಸ ತಂತಿಗೆ ಹಿಡಿಯಲಿಲ್ಲ. "ಕಲಾಯಿಯವನು ಬಿಟ್ಟುಹೋದ ನವಸಾಗರ ಹಾಕು. ತಪ್ಪಲೆಗೆ ಆಗೋದು ತಂತಿಗೆ ಆಗಲ್ವಾ?" ಎಂದರು. ಡಬ್ಬಿ ತಂದುಕೊಟ್ಟವಳು ನಾನೇ. ಇವರ ದಪ್ಪ ಬೆರಳಿಗೆ ಆ ಕೆಲಸ ಬಗ್ಗಲಿಲ್ಲ. ಸಲಾಕೆಯನ್ನು ನನ್ನ ಒಲೆಯಲ್ಲಿ ಕಾಯಿಸಿ, ಉಸಿರು ಬಿಗಿಹಿಡಿದು ಒಂದೊಂದೇ ತಂತಿ ಬೆಸೆದವಳು ಸುಂದ್ರಿ. "ಇದು ಹಾಡಿದ್ರೆ ನಿನ್ನ ಶಿವಮೊಗ್ಗಕ್ಕೆ ಕಳಿಸ್ತೇನೆ, ಮಾವನ ಮನೇಲಿದ್ದು ಹೈಸ್ಕೂಲು ಓದು" ಎಂದು ಮಾತು ಕೊಟ್ಟಿದ್ದರು.

ಹಾಡಿತು. ಆದರೆ ಪಕ್ಕದ ನಾರ್ವೆ ಹಳ್ಳಿಯ ವಾಸಪ್ಪನವರು ಕೇಳಲು ಬಂದಾಗ, "ನಾನೇ ಜೋಡ್ಸಿದ್ದು ಮಾರಾಯ" ಎಂದರು. ಸುಂದ್ರಿ ಅದಕ್ಕೂ ಸುಮ್ಮನಿದ್ದಳು. ಎರಡು ಲಂಗ ಮಡಿಸಿಟ್ಟ ಟ್ರಂಕು ಮೂಲೆಯಲ್ಲಿ ಸಿದ್ಧವಿತ್ತಲ್ಲ.

ಈಗ ಮಳೆಗಾಲದ ತೇವಕ್ಕೆ, ಬೆಸುಗೆಗೆ ಹಾಕಿದ ಆ ನವಸಾಗರ ತಂತಿಯನ್ನೇ ತಿಂದುಹಾಕಿತ್ತು. ಅದೇ ಹೊತ್ತಿಗೆ ವಾಸಪ್ಪನವರು ಮತ್ತೆ ಬಂದರು.

"ಎಂತ ಗಣಪಯ್ಯ, ನಿನ್ನ ಹಾಡುಗಾರ ಮುನಿಸ್ಕೊಂಡನಾ?"

"ಈ ಕೂಸು ಕೈಯಾಡ್ಸಿ ಹಾಳ್ಮಾಡ್ತು ಮಾರಾಯ. ಇದನ್ನ ಓದಿಸ್ಬೇಕಂತೆ! ಟ್ರಂಕು ಇವತ್ತೇ ಅಟ್ಟಕ್ಕೆ." ನನ್ನತ್ತ ತಿರುಗಿದರು. "ಅಲ್ವೇನೆ?"

ವಾಸಪ್ಪನವರಿಗೆಂದು ತಂದ ಮಜ್ಜಿಗೆ ಲೋಟ ನನ್ನ ಕೈಯಲ್ಲಿತ್ತು. ಬಂದವರ ಎದುರು ಇವರ ಮಾತು ತೆಗೆದುಹಾಕಿ ನನಗೆ ರೂಢಿಯಿಲ್ಲ.

"ಹೂಂ" ಎಂದೆ.

ಒಳಗೆ ಬಂದು ಕಡೆಗೋಲು ಹಿಡಿದೆ. ಸುಂದ್ರಿ ಬಂದು ಎದುರು ನಿಂತಳು. ಬೆರಳ ತುದಿಯಲ್ಲಿ ಸುಟ್ಟ ಕಲೆಗಳು ಇನ್ನೂ ಇದ್ದವು.

"ಅಮ್ಮ, ಆ ನವಸಾಗರದ ಡಬ್ಬಿ ತಂದ್ಕೊಟ್ಟವಳು ನೀನೇ ಅಲ್ವಾ? ಮತ್ತೆ ಹೂಂ ಅಂದಿದ್ದು ಯಾಕೆ?"